ಸೊರಗದ ಸಾಲು

ಗಿಡಗಳು ನಿಂತಲ್ಲೇ ಸತ್ತಿದ್ದವು.

ಗಾಜಿನ ಮನೆಯ ಬಾಗಿಲು ತೆರೆದ ಕೂಡಲೇ ಕಂಡದ್ದು ಅದು. ಉದ್ದನೆಯ ಮೇಜಿನ ಮೇಲೆ ಕುಂಡಗಳು, ಕುಂಡಗಳ ತುಂಬ ಕಡಲೆ ಸಸಿಗಳು. ಒಂದೂ ಮುರಿದಿರಲಿಲ್ಲ. ಒಂದನ್ನೂ ಹುಳ ಕಡಿದಿರಲಿಲ್ಲ. ಮಣ್ಣು ಇನ್ನೂ ತೇವವಾಗಿತ್ತು. ಆದರೂ ಎಲ್ಲ ಸಸಿಗಳೂ ತಲೆ ತಗ್ಗಿಸಿ, ಎಲೆ ಜೋಲಿಸಿ, ಯಾರೋ ಗದರಿಸಿ ಹೋದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ಅತ್ತಿಗೆ ಒಂದು ಸಸಿ ಕಿತ್ತರು. ಬುಡವನ್ನು ಉಗುರಿನಿಂದ ಉದ್ದಕ್ಕೆ ಸೀಳಿದರು. ಒಳಗೆ, ಬಿಳಿ ತಿರುಳಿನ ನಡುವೆ, ಪೆನ್ಸಿಲ್ಲಿನ ಸೀಸದಂಥ ಕಪ್ಪು ಗೆರೆ.

“ಸೊರಗು ರೋಗ,” ಎಂದರು.

“ಸೊರಗೇ,” ಎಂದಳು ನಮ್ಮನ್ನು ಕರೆಸಿದ ಹುಡುಗಿ. “ಆದರೆ ಇವು ಸೊರಗಬಾರದಿತ್ತು ಮೇಡಂ. ಇವು ನನ್ನ ಬೀಜದ ಗಿಡಗಳಲ್ಲ. ಯಾರೋ ಬೀಜ ಬದಲಾಯಿಸಿದ್ದಾರೆ.”

ಬೀಜದ ಮೋಸ ಪತ್ತೆ ಹಚ್ಚುವುದು ಅತ್ತಿಗೆಯ ಕೆಲಸ. ಒಂದು ತಳಿಯ ಹೆಸರಿನಲ್ಲಿ ಇನ್ನೊಂದನ್ನು ಮಾರುವವರು, ಮುಗ್ಗಿದ ಬೀಜಕ್ಕೆ ಬಣ್ಣ ಬಳಿಯುವವರು – ಇಂಥವರ ಬೆನ್ನು ಹತ್ತಿಯೇ ಅವರ ಅರ್ಧ ಆಯುಷ್ಯ ಕಳೆದಿದೆ. ಅವರು ನನ್ನ ಅಣ್ಣನ ಹೆಂಡತಿ. ನಾನಿದ್ದ ಅಚ್ಚುಕೂಟ ಮುಚ್ಚಿದ ಮೇಲೆ ಅವರ ಕಾರು ಓಡಿಸುತ್ತೇನೆ, ಫೋಟೊ ತೆಗೆಯುತ್ತೇನೆ, ಬೈಸಿಕೊಳ್ಳುತ್ತೇನೆ.

ಹುಡುಗಿಯನ್ನು ಆ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಅವಳೀಗ ಅಲ್ಲಿ ಕಡಲೆಯ ತಳಿ ಮಾಡುವ ವಿಜ್ಞಾನಿ. ಆದರೂ ಪುಟ್ಟಿಯೇ, ಏಕೆಂದರೆ ಆ ಕೆಲಸ ಅವಳಿಗಿಂತ ಮುಂಚೆ ಅವಳ ಅಪ್ಪನದಾಗಿತ್ತು, ಅವರು ದೊಡ್ಡವರು. ಎರಡು ವರ್ಷದ ಹಿಂದೆ ದೊಡ್ಡವರು ಒಂದು ಸಂಜೆ ಮನೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅದೇ ವಾರ, ಅವರು ಮಾಡಿದ ಹೊಸ ತಳಿಯ ಬೀಜ ಹೊರಗಿನ ಒಂದು ಕಂಪನಿಯ ಹೊಲದಲ್ಲಿ ಬೆಳೆಯುತ್ತಿದೆ ಎಂಬ ಸುದ್ದಿ ಬಂತು. ಎರಡನ್ನೂ ಜನ ಗಂಟು ಹಾಕಿದರು. ಬೀಜ ಕದ್ದು ಮಾರಿ ಓಡಿಹೋದ ಎಂದರು. ಪೊಲೀಸರೂ ಅದನ್ನೇ ಬರೆದುಕೊಂಡು ಕಡತ ಮುಚ್ಚಿದರು.

“ಅಪ್ಪ ಕಳ್ಳ ಅಲ್ಲ,” ಎಂದಳು ಪುಟ್ಟಿ. ಕುಂಡಗಳ ಕಡೆ ನೋಡುತ್ತಲೇ ಹೇಳಿದಳು. “ಈಗ ಹೊಸದಾಗಿ ಇನ್ನೊಂದು ಮಾತು ಹುಟ್ಟಿದೆ. ಅವರು ಬರೀ ಕಳ್ಳ ಅಲ್ಲವಂತೆ, ಸುಳ್ಳನೂ ಅಂತೆ. ಸೊರಗು ತಡೆಯೋ ತಳಿ ಅನ್ನೋದೇ ಕಟ್ಟುಕತೆಯಂತೆ. ಆ ಕಂಪನಿಯವರ ಹೊಲದಲ್ಲೂ ಒಣಗಿಹೋಯಿತಂತೆ.”

“ನೀನೇನು ಮಾಡಿದೆ?”

“ಅಪ್ಪನ ಬೀಜ ಒಂದು ಹಿಡಿ ಉಳಿದಿತ್ತು. ಹೋದ ಹಂಗಾಮಿನಲ್ಲಿ ಸೊರಗಿನ ತಾಕಿಗೆ ಹಾಕಿದೆ. ತಳಿ ಪರೀಕ್ಷೆಗೆ ಅಂತಲೇ ರೋಗ ಸಾಕಿರೋ ಜಾಗ ಅದು, ಏನು ಹಾಕಿದರೂ ಸಾಯುತ್ತೆ. ಅಲ್ಲಿ ಎಲ್ಲಾ ಸತ್ತವು ಮೇಡಂ. ಅಪ್ಪನ ಸಾಲು ಮಾತ್ರ ಹಸಿರಾಗಿ ನಿಂತಿತ್ತು. ಕೊನೇವರೆಗೂ. ಆ ಸಾಲಿನ ಬೀಜಾನೇ ಇಲ್ಲಿ, ಅದೇ ತಾಕಿನ ಮಣ್ಣಿಗೆ ಹಾಕಿದ್ದು.”

ಅವಳು ಒಣಗಿದ ಒಂದೆಲೆಯನ್ನು ಮುಟ್ಟಿದಳು. ಅದು ಉದುರಿತು.

“ಈ ವಾರ ಮೇಲಿನವರು ಬರ್ತಾರೆ. ಅವರಿಗೆ ತೋರಿಸಬೇಕಿತ್ತು. ಈಗ ನಾನೂ ಸುಳ್ಳಿ ಆಗ್ತೀನಿ.”

ಅತ್ತಿಗೆ ಸೀಳಿದ ಸಸಿಯನ್ನು ನನ್ನ ಕೈಗಿಟ್ಟರು. ಹೊರಗೆ ಬಂದ ಮೇಲೆ ಮೆಲ್ಲಗೆ ಅಂದರು – “ಬೀಜದ ಕಳ್ಳರು ಬದುಕೋ ಬೀಜ ತಗೊಂಡು ಸಾಯೋ ಬೀಜ ಇಡ್ತಾರೆ. ಅದು ಸರಿ. ಆದರೆ ಎರಡು ವರ್ಷ ತೆಪ್ಪಗಿದ್ದವರು ಈಗ್ಯಾಕೆ ಎದ್ದರು?”

“ಬೀಜ ಈಗಷ್ಟೇ ಸಿಕ್ಕಿತಲ್ಲ,” ಎಂದೆ.

“ನಿನಗೆ ಯಾವಾಗಲೂ ಉತ್ತರ ಸಿದ್ಧ. ಅದಕ್ಕೇ ಅಚ್ಚುಕೂಟ ಮುಚ್ಚಿದ್ದು.”

*

ಸೊರಗಿನ ತಾಕು ಕೇಂದ್ರದ ಒಂದು ಮೂಲೆಯಲ್ಲಿತ್ತು. ಸುತ್ತ ತಂತಿ ಬೇಲಿ. ಬಾಗಿಲಿನ ಪಕ್ಕ ಒಂದು ತಗಡಿನ ಚಪ್ಪರ, ಅದರಡಿ ಕಾಲು ತೊಳೆಯುವ ಸಿಮೆಂಟಿನ ತೊಟ್ಟಿ, ಗೋಡೆಗೆ ಗೂಟಗಳು, ಗೂಟಗಳಲ್ಲಿ ರಬ್ಬರಿನ ಬೂಟುಗಳು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಆ ಬೂಟನ್ನೇ ಹಾಕಿಕೊಳ್ಳಬೇಕು, ಬರುವಾಗ ತೊಟ್ಟಿಯಲ್ಲಿ ತೊಳೆದು ಅಲ್ಲೇ ನೇತುಹಾಕಬೇಕು. ಆ ತಾಕಿನ ಮಣ್ಣು ಹೊರಗಿನ ಹೊಲಗಳಿಗೆ ದಾಟಬಾರದು.

ನಾನು ಸ್ಮಶಾನಗಳನ್ನು ನೋಡಿದ್ದೇನೆ. ಅಲ್ಲಿ ಕೊನೆಗೆ ಹುಲ್ಲಾದರೂ ಬೆಳೆಯುತ್ತದೆ. ಇಲ್ಲಿ ಬೂದು ಬಣ್ಣದ ಮರಳು ಮಣ್ಣು, ಅದರ ತುಂಬ ಸತ್ತ ಕಡಲೆಯ ಕಡ್ಡಿಗಳು. ಗಾಳಿ ಬೀಸಿದಾಗ ಒಣಗಿದ ಕಾಯಿಗಳು ಗಿಲಕಿಯ ಹಾಗೆ ಸದ್ದು ಮಾಡುತ್ತಿದ್ದವು. ಒಬ್ಬರೂ ಇಲ್ಲದ ಜಾಗದಲ್ಲಿ ಯಾರೋ ಮಗುವನ್ನು ಆಡಿಸುತ್ತಿದ್ದ ಹಾಗೆ.

“ಕಳೆ ಕೀಳೋ ಹೆಂಗಸರು ಬಾಗಿಲ ಹತ್ತಿರದ ಆ ಮೂಲೆಗೆ ಹೋಗಲ್ಲ,” ಎಂದಳು ಪುಟ್ಟಿ. “ಅಲ್ಲಿ ಕಾಲಿಟ್ಟರೆ ನೆಲ ಕುಸಿದ ಹಾಗಾಗುತ್ತೆ ಅಂತಾರೆ. ಅಪ್ಪ ಯಾವಾಗಲೂ ಮೊದಲನೇ ಸಾಲು, ಬಾಗಿಲ ಪಕ್ಕದ್ದು, ತಮ್ಮ ಬೀಜಕ್ಕೆ ಇಟ್ಟುಕೊಳ್ತಿದ್ರು. ನಾನೂ ಅಲ್ಲೇ ಹಾಕಿದ್ದು.”

ಗೂಟಗಳಲ್ಲಿದ್ದ ಬೂಟುಗಳ ಮೇಲೆಲ್ಲ ಧೂಳು. ಒಂದು ಜೊತೆ ಮಾತ್ರ ಒರೆಸಿಟ್ಟ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.

“ಇವು ಯಾರದು?” ಎಂದರು ಅತ್ತಿಗೆ.

“ಅಪ್ಪನದು.”

“ನೀನು ಒರೆಸ್ತೀಯಾ?”

“ಇಲ್ಲ.” ಅವಳ ದನಿ ಇಳಿಯಿತು. “ತಾಕು ನೋಡ್ಕೊಳ್ಳೋ ಮೇಷ್ಟ್ರು ಒರೆಸ್ತಾರೆ ಅಂತ ನಾನಂದ್ಕೊಂಡಿದ್ದೆ. ನಾನು ಅಂತ ಮೇಷ್ಟ್ರು ಅಂದ್ಕೊಂಡಿದ್ರು.”

ಅಷ್ಟರಲ್ಲಿ ಮೇಷ್ಟ್ರೇ ಬಂದರು. ಗಿಡಗಳ ರೋಗ ಓದಿದವರು. ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ಶಿಲೀಂಧ್ರ ಸಾಕುವುದೇ ಅವರ ಕೆಲಸವಾದ್ದರಿಂದ ಬೂಷ್ಟು ಮೇಷ್ಟ್ರು ಎಂದೇ ಹೆಸರು. ತಾಕಿನ ಬೀಗದ ಕೈ ಅವರ ಸೊಂಟದಲ್ಲಿತ್ತು.

“ಇದರ ಕೈ ಇನ್ಯಾರ ಹತ್ತಿರ ಇದೆ?” ಅತ್ತಿಗೆ ನೇರವಾಗಿ ಕೇಳಿದರು.

“ಇನ್ನೊಂದು ದೊಡ್ಡವರ ಹತ್ತಿರ ಇತ್ತು. ಅವರ ಜೊತೆ ಅದೂ ಹೋಯ್ತು.”

“ಹಂಗಾಮಿನಲ್ಲಿ ಒಳಗೆ ಯಾರ‍್ಯಾರು ಹೋಗ್ತಾರೆ?”

“ಬಿತ್ತೋ ದಿನ ಎಲ್ಲರೂ. ಆಮೇಲೆ ಕಳೆ ಕೀಳೋ ಹೆಂಗಸರು ಒಂದೆರಡು ಸಲ, ಉಳಿದಂತೆ ನಾನೊಬ್ಬನೇ. ಕಂಡವರೆಲ್ಲ ತುಳಿದಾಡಿದ್ರೆ ಬೂಷ್ಟು ಊರೆಲ್ಲ ಸುತ್ತುತ್ತೆ. ಪುಟ್ಟೀನೂ ಕೊಯ್ಲಿನ ದಿನವೇ ಒಳಗೆ ಬಂದಿದ್ದು.”

“ಮೊದಲನೇ ಸಾಲಿನ ಗಿಡಕ್ಕೆ ಯಾವ ಬಣ್ಣದ ಹೂ ಬಂದಿತ್ತು?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಲಿಲ್ಲಮ್ಮ. ನಾನು ಸತ್ತವನ್ನ ಎಣಿಸೋನು. ಹೂ ನೋಡೋದು ನನ್ನ ಕೆಲಸ ಅಲ್ಲ.”

“ಸತ್ತ ಗಿಡಗಳನ್ನ ಏನು ಮಾಡ್ತೀರಿ?”

“ಕೊಚ್ಚಿ ಇದೇ ಮಣ್ಣಿಗೆ ಅಗೆದು ಸೇರಿಸ್ತೀವಿ. ಬೂಷ್ಟಿಗೂ ಊಟ ಬೇಕಲ್ಲ? ದೊಡ್ಡವರು ಕಾಣೆಯಾದ ವಾರವೇ ಇಡೀ ತಾಕನ್ನ ಅಗೆಸಿದ್ದೆ. ಅದರ ಮರುವರ್ಷ ವಿಚಾರಣೆ ಗಲಾಟೆಯಲ್ಲಿ ಏನೂ ಬಿತ್ತಲಿಲ್ಲ, ಪಾಳು ಬಿತ್ತು.”

ಅತ್ತಿಗೆ ಬೇಲಿಯ ಉದ್ದಕ್ಕೂ ನಡೆದರು. ಒಂದು ಕಂಬದ ಹತ್ತಿರ ನಿಂತು ಅದನ್ನು ಸವರಿದರು.

“ಕೇಂದ್ರದಲ್ಲಿ ಎಲ್ಲ ಕಂಬಕ್ಕೂ ಸುಣ್ಣ ಹೊಡೆದಿದೆ. ಇವು ಮಾತ್ರ ಬೋಳು. ಯಾಕೆ?”

“ಅಯ್ಯೋ, ಅದನ್ನ ನೆನಪಿಸಬೇಡಿ. ದೊಡ್ಡವರು ಹೋದ ಮರುವರ್ಷ ಇವಳ ಚಿಕ್ಕಪ್ಪ ಇವಕ್ಕೂ ಬಳಿಸಿಬಿಟ್ಟಿದ್ದ. ನಾನು ನಿಂತು ಕೆರೆಸಿದೆ. ಸುಣ್ಣ ಅಂದ್ರೆ ನನ್ನ ಬೂಷ್ಟಿಗೆ ಆಗಲ್ಲ. ಅವನಿಗೆ ಗೊತ್ತೇ ಇರಲಿಲ್ಲ ಪಾಪ. ನಾನು ಕೂಗಾಡಿದ್ದಕ್ಕೆ ಮುಖ ಬಿಳಿಚಿಕೊಂಡು ನಿಂತಿದ್ದ.”

*

ಬೀಜದ ಕೋಣೆ ನೋಡಿಕೊಳ್ಳುವವಳಿಗೆ ಬೀಗದಮ್ಮ ಎಂದು ಹೆಸರು. ಅವಳ ಕುತ್ತಿಗೆಯಲ್ಲಿ ಬೀಗದ ಕೈಗಳು ಸರದ ಹಾಗೆ ನೇತಾಡುತ್ತಿದ್ದವು. ಬೀಜ ಬದಲಾಗಿದೆಯಂತೆ ಎಂದದ್ದೇ ತಡ, ಅವಳು ಸೆಟೆದು ನಿಂತಳು.

“ಬದಲಾಗೋಕೆ ಇದೇನು ಮದುವೆ ಮನೆ ಚಪ್ಪಲೀನಾ? ಆ ಹುಡುಗಿ ಡಬ್ಬಿಗೆ ಅರಗಿನ ಮುದ್ರೆ ಹಾಕಿ ಕೊಟ್ಟಳು. ಮುದ್ರೆ ಹಾಗೇ ಇತ್ತು. ಅವಳ ಕೈಯಿಂದಲೇ ಒಡೆಸಿದೆ. ಕೇಳಿ ಬೇಕಾದ್ರೆ.”

ಪುಟ್ಟಿ ತಲೆಯಾಡಿಸಿದಳು. ಮುದ್ರೆ ಸರಿಯಾಗಿಯೇ ಇತ್ತು.

“ಹಾಗಾದ್ರೆ ಬದಲಾಯಿಸಿದ್ದು ಮುದ್ರೆ ಹಾಕೋ ಮುಂಚೆ,” ಎಂದೆ ನಾನು.

“ಮುಂಚೆ ಬೀಜ ಇದ್ದದ್ದು ಗಿಡದಲ್ಲಿ,” ಎಂದರು ಅತ್ತಿಗೆ. “ಗಿಡದ ಕಾಯಿ ಬಿಚ್ಚಿ ಕಾಳು ಬದಲಾಯಿಸಿ ಮತ್ತೆ ಮುಚ್ಚೋ ಕಳ್ಳ ನಿನ್ನ ಕಣ್ಣಿಗೆ ಬಿದ್ರೆ ನಮ್ಮನೆಗೆ ಕರ್ಕೊಂಡು ಬಾ. ಬಟಾಣಿ ಸುಲಿಸೋಣ.”

ಬೀಗದಮ್ಮ ನಕ್ಕಳು. ಪುಟ್ಟಿ ನಗಲಿಲ್ಲ. “ಇಲ್ಲ, ಯಾರೋ ಮಾಡಿದ್ದಾರೆ,” ಎಂದಳು. ತನಗೇ ಹೇಳಿಕೊಂಡ ಹಾಗೆ. “ಮಾಡಿರಲೇಬೇಕು.”

ಮಧ್ಯಾಹ್ನ ಅವಳ ಮನೆಗೆ ಹೋದೆವು. ಕೇಂದ್ರದ ಆವರಣದೊಳಗೇ ಇತ್ತು. ತಾಯಿ ಇಲ್ಲದ ಹುಡುಗಿ. ಅಪ್ಪ ಹೋದ ಮೇಲೆ ಚಿಕ್ಕಪ್ಪನ ಆಸರೆ. ಚಿಕ್ಕಪ್ಪ ಕೇಂದ್ರದ ಕಟ್ಟಡ, ಪಂಪು, ಟ್ರ್ಯಾಕ್ಟರುಗಳ ಉಸ್ತುವಾರಿ. ಬಾಗಿಲಲ್ಲೇ ಎದುರಾದರು. ದೊಡ್ಡ ದೇಹ, ಮೃದು ದನಿ. ತಾವೇ ಚಹಾ ಮಾಡಿ ತಂದರು. ಪುಟ್ಟಿಯ ಲೋಟಕ್ಕೆ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕಿದರು.

“ನಾನು ಮೊದಲೇ ಹೇಳಿದ್ದೆ ಮೇಡಂ, ಈ ಬೂಷ್ಟು ಮೇಷ್ಟ್ರನ್ನ ನಂಬಬೇಡ ಅಂತ,” ಎಂದರು. “ಹೆಂಡತಿಗಿಂತ ಬೂಷ್ಟನ್ನೇ ಚೆನ್ನಾಗಿ ನೋಡ್ಕೊಳ್ತಾನೆ. ತಾಕಿನ ಬೀಗ ಅವನ ಹತ್ತಿರ. ಬೀಜ ಬದಲಾಗಿದೆ ಅಂದ್ರೆ ಇನ್ಯಾರು ಮಾಡೋಕೆ ಸಾಧ್ಯ?”

“ನಿಮ್ಮಣ್ಣ ಬೀಜ ಮಾರಿದ್ರು ಅಂತಾರಲ್ಲ, ನೀವೇನಂತೀರಿ?”

ಚಿಕ್ಕಪ್ಪ ಲೋಟವನ್ನು ಕೆಳಗಿಟ್ಟರು. “ಅಣ್ಣ ಅಲ್ವಾ? ಏನು ಹೇಳಲಿ? ಎಲ್ಲೋ ಇರ್ತಾನೆ. ಒಂದಿನ ಬರ್ತಾನೆ. ಪುಟ್ಟಿ, ನೀನು ತಿಂದಿಲ್ಲ ಬೆಳಗಿಂದ.”

“ಹಸಿವಿಲ್ಲ ಚಿಕ್ಕಪ್ಪ.”

“ಹಸಿವಿಲ್ಲ ಅಂದ್ರೆ ಆಯ್ತಾ? ನೋಡಿ ಮೇಡಂ, ಇವಳು ಆ ತಾಕಿನ ಹುಚ್ಚು ಬಿಡಬೇಕು. ಅದನ್ನ ಮುಚ್ಚಿ ಅಲ್ಲೊಂದು ಟ್ರ್ಯಾಕ್ಟರ್ ಕೊಟ್ಟಿಗೆ ಕಟ್ಟೋಣ, ನೆಲಕ್ಕೆ ಸಿಮೆಂಟ್ ಹಾಕೋಣ ಅಂತ ಎಷ್ಟು ಸಲ ಹೇಳಿದೀನಿ. ಅದು ಸಾವಿನ ಜಾಗ. ನಾನಂತೂ ಆ ಕಡೆ ತಲೆ ಹಾಕೋದೂ ಇಲ್ಲ.”

ಗೋಡೆಗೆ ಒರಗಿ ಕೂತಿದ್ದ ಅತ್ತಿಗೆ ಎದ್ದಾಗ ಅವರ ಕಪ್ಪು ರವಿಕೆಯ ಬೆನ್ನಿಗೆ ಸುಣ್ಣ ಹತ್ತಿತ್ತು. ನಾನು ಒರೆಸಿಕೊಟ್ಟೆ. ಹೊಸದಾಗಿ ಬಳಿದ ಗೋಡೆ. ಬಟ್ಟೆ ಒಗೆಯುವ ನೀಲಿಯನ್ನು ಸುಣ್ಣಕ್ಕೆ ಬೆರೆಸಿದ್ದರು. ಬಿಳುಪಿನೊಳಗೆ ತಣ್ಣಗಿನ ಒಂದು ನೀಲಿ ಛಾಯೆ.

“ಚೆನ್ನಾಗಿ ಬಳಿಸಿದ್ದೀರಿ,” ಎಂದರು ಅತ್ತಿಗೆ.

“ಕೇಂದ್ರದ ಕಟ್ಟಡಗಳಿಗೂ ಇದೇ. ಸುಣ್ಣಕ್ಕೆ ನೀಲಿ ನಾನೇ ಕೈಯಾರೆ ಕಲೆಸ್ತೀನಿ. ಬೇರೆಯವರಿಗೆ ಹದ ಬರಲ್ಲ. ಉಗ್ರಾಣದ ಕೈ ಕೂಡ ಯಾರಿಗೂ ಕೊಡಲ್ಲ.” ಅವರಿಗೆ ನಿಜಕ್ಕೂ ಹೆಮ್ಮೆ ಇತ್ತು.

*

ಕೊಯ್ದ ಗಿಡ ಒಣಗಿಸುವ ಕೊಟ್ಟಿಗೆಯಲ್ಲಿ ಅತ್ತಿಗೆ ಸುಮ್ಮನೆ ಓಡಾಡಿದರು. ಸೂರಿನಿಂದ ಕಟ್ಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಸಂದಿಗಳಿಂದ ಬಿಸಿಲು ಬಂದು ಅವುಗಳ ನೆರಳು ಗೋಡೆಯ ಮೇಲೆ ನಿಂತವರ ಹಾಗೆ ಕಾಣುತ್ತಿತ್ತು. ನಾನು ಬಾಗಿಲ ಕಡೆ ಸರಿದು ನಿಂತೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೆದರುವುದು ಇನ್ನೂ ಅವಮಾನ.

“ಆ ಚಿಕ್ಕ ಕಟ್ಟು ಯಾವುದು?” ಮೂಲೆಯಲ್ಲಿ ಒಂದು ಕಟ್ಟು ಬೇರೆಯಾಗಿ ನೇತಾಡುತ್ತಿತ್ತು.

“ಅದು ಬೆರಕೆ,” ಎಂದಳು ಪುಟ್ಟಿ. “ಅದೇನೂ ಅಲ್ಲ.”

“ಏನೂ ಅಲ್ಲದ್ದನ್ನ ಸ್ವಲ್ಪ ಬಿಡಿಸಿ ಹೇಳು.”

“ಅಪ್ಪನ ಸಾಲಿನ ಪಕ್ಕ ಎರಡನೇ ಸಾಲು. ಅದರಲ್ಲೂ ಗಿಡ ಬದುಕಿದ್ದವು. ಆದರೆ ಅದು ಬಲಹೀನ ತಳಿಯ ಸಾಲು ಮೇಡಂ. ಸೊರಗಿಗೆ ಮೊದಲು ಬೀಳೋ ತಳಿ. ತಾಕಿನ ತುಂಬ ಅಲ್ಲಲ್ಲಿ ಅದರ ಸಾಲು ಹಾಕ್ತೀವಿ, ಸಾಯಲಿ ಅಂತಲೇ. ಅದು ಸತ್ತರೆ ಮಣ್ಣಿನಲ್ಲಿ ರೋಗ ಚೆನ್ನಾಗಿದೆ ಅಂತ ಗ್ಯಾರಂಟಿ. ಅದು ಬದುಕೋಕೆ ಸಾಧ್ಯವೇ ಇಲ್ಲ. ಬಿತ್ತುವಾಗ ಅಪ್ಪನ ಬೀಜ ಆ ಸಾಲಿಗೂ ಉದುರಿರಬೇಕು ಅಂದ್ಕೊಂಡೆ. ಸಾಲಿನಲ್ಲಿ ಬೇರೆ ಗಿಡ ಕಂಡ್ರೆ ಕಿತ್ತು ಬಿಸಾಡೋದು ನಮ್ಮ ಪದ್ಧತಿ. ತಳಿ ಶುದ್ಧವಾಗಿರಬೇಕಲ್ಲ? ಕಿತ್ತು ಇಲ್ಲಿ ನೇತುಹಾಕಿದೆ.”

“ಕಾಯಿ ಬಿಡಿಸಿ ನೋಡಿದ್ಯಾ?”

“ಇಲ್ಲ.”

“ನಿಮ್ಮಪ್ಪನ ಕಡಲೆ ಯಾವ ಬಣ್ಣ?”

“ಬೆಳ್ಳಗೆ. ಹೂವೂ ಬಿಳಿ.”

ಅತ್ತಿಗೆ ಕಟ್ಟನ್ನು ಇಳಿಸಿದರು. ಒಂದು ಕಾಯಿ ಹಿಸುಕಿದರು. ಅಂಗೈ ಚಾಚಿದರು.

ಕಾಳು ಕಂದು. ಸಣ್ಣದು, ಒರಟು, ಮೂಗಿನ ಹಾಗೆ ಚೂಪು.

ಪುಟ್ಟಿ ಇನ್ನೊಂದು ಕಾಯಿ ಬಿಡಿಸಿದಳು. ಮತ್ತೊಂದು. ಎಲ್ಲ ಕಂದು. ಅವಳ ಬೆರಳುಗಳು ನಿಂತವು.

“ಇದು ಬೆರಕೆ ಅಲ್ಲ,” ಎಂದಳು.

“ಅಲ್ಲ.”

“ಬಲಹೀನ ತಳಿಯೇ. ಹೂ ನೋಡಿದ್ದರೆ ಬಣ್ಣದಲ್ಲೇ ಗೊತ್ತಾಗ್ತಿತ್ತು. ಅದೂ ಬದುಕಿತ್ತು.”

“ಹ್ಞೂಂ.”

ಅವಳು ಕೊಟ್ಟಿಗೆಯ ಕಂಬ ಹಿಡಿದುಕೊಂಡಳು. ಅವಳಿಗೆ ಅರ್ಥವಾಗಿತ್ತು. ನನಗೆ ಆಗಿರಲಿಲ್ಲ. ಬಾಯಿ ತೆರೆದೆ, ಅತ್ತಿಗೆ ನೋಡಿದ ನೋಟಕ್ಕೆ ಮುಚ್ಚಿದೆ.

“ಇನ್ನೊಂದು ಮಾತು ಪುಟ್ಟಿ. ಕುಂಡಕ್ಕೆ ಮಣ್ಣು ತಾಕಿನಲ್ಲಿ ಎಲ್ಲಿಂದ ತೆಗೆದೆ?”

“ನಡುವಿನಿಂದ,” ಎಂದಳು.

*

ಮೇಷ್ಟ್ರ ಪ್ರಯೋಗಾಲಯದಿಂದ ಆಮ್ಲದ ಒಂದು ಸಣ್ಣ ಸೀಸೆ ತರಿಸಿದರು ಅತ್ತಿಗೆ. ಬೂಟು ಹಾಕಿಕೊಂಡು ಮೇಷ್ಟ್ರೂ ಸೇರಿ ನಾವು ನಾಲ್ವರೂ ತಾಕಿನೊಳಗೆ ಹೋದೆವು. ಅತ್ತಿಗೆ ಮೊದಲು ತಾಕಿನ ನಡುವೆ ಕೂತು ಮಣ್ಣಿಗೆ ಹನಿ ಹಾಕಿದರು. ಮಣ್ಣು ಹನಿಯನ್ನು ಕುಡಿದು ಸುಮ್ಮನಾಯಿತು.

ಆಮೇಲೆ ಬಾಗಿಲ ಹತ್ತಿರ, ಅಪ್ಪನ ಸಾಲಿದ್ದ ಜಾಗ. ಸೀರೆಯ ಸೆರಗು ಸಿಕ್ಕಿಸಿ ನೆಲಕ್ಕೆ ಕೆನ್ನೆ ಹಚ್ಚುವಷ್ಟು ಬಗ್ಗಿದರು. ಓರೆಯಾಗಿ ನೋಡಿದಾಗ ನನಗೂ ಕಂಡಿತು. ನೆಲ ಅಲ್ಲಿ ಒಂದಿಷ್ಟು ತಗ್ಗು. ಅಗಲ ಎರಡು ಸಾಲಿನಷ್ಟು. ಉದ್ದ –

ಉದ್ದವನ್ನು ನಾನು ಮನಸ್ಸಿನಲ್ಲೂ ಅಳೆಯಲಿಲ್ಲ.

ಹನಿ ಬಿತ್ತು. ಮಣ್ಣು ಬುಸುಗುಟ್ಟಿತು. ಸಣ್ಣ ಸಣ್ಣ ಗುಳ್ಳೆಗಳೆದ್ದವು, ಒಡೆದವು. ಇನ್ನೊಂದು ಹನಿ. ಮತ್ತೆ ಅದೇ ಪಿಸುಮಾತು. ನೆಲದ ಕೆಳಗಿನಿಂದ ಯಾರೋ ಬಾಯಿ ಹಚ್ಚಿ ಏನೋ ಹೇಳಲು ಹೊರಟ ಹಾಗೆ.

“ಇದರಲ್ಲಿ ಬುರುಗು ಬರಬಾರದು,” ಎಂದರು ಮೇಷ್ಟ್ರು. ಅವರ ಮುಖದ ರಕ್ತವೆಲ್ಲ ಇಳಿದಿತ್ತು. “ನನ್ನ ಮಣ್ಣು ಹುಳಿ ಮಣ್ಣು. ಇದರಲ್ಲಿ ಸುಣ್ಣ ಇದೆ. ಯಾರು – ನನ್ನ ತಾಕಿಗೆ ಯಾರು ಸುಣ್ಣ ಹಾಕಿದ್ರು?”

ಅತ್ತಿಗೆ ಬೆರಳಿನಿಂದ ಮಣ್ಣು ಕೆದಕಿ ಕಡಲೆ ಗಾತ್ರದ ಒಂದು ಬಿಳಿ ಹೆಂಟೆ ತೆಗೆದರು. ಒಡೆದು, ಒಳಗಿನ ಬಣ್ಣ ನೋಡಿ, ಕರವಸ್ತ್ರದಲ್ಲಿ ಸುತ್ತಿಕೊಂಡರು. ನನ್ನ ಕಡೆ ತಿರುಗಿದರು.

“ಪೊಲೀಸರಿಗೆ ಫೋನ್ ಮಾಡು. ಗುದ್ದಲಿ ತರೋಕೆ ಹೇಳು. ಪುಟ್ಟಿ, ನೀನು ಮನೆಗೆ ಹೋಗಿರು ಮಗಳೇ.”

“ಇಲ್ಲ,” ಎಂದಳು. “ಇಲ್ಲೇ ಇರ್ತೀನಿ.”

*

ಅಗೆದರು. ಬಹಳ ಆಳಕ್ಕೆ ಹೋಗಬೇಕಾಗಲಿಲ್ಲ.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂಳೆಗಳ ಜೊತೆ ತುಕ್ಕು ಹಿಡಿದ ಒಂದು ಬೀಗದ ಕೈ ಸಿಕ್ಕಿತು. ಮೇಷ್ಟ್ರು ತಮ್ಮ ಸೊಂಟದ ಕೈಯನ್ನು ಪಕ್ಕಕ್ಕೆ ಹಿಡಿದು ನೋಡಿದರು. ಹಲ್ಲು ಹಲ್ಲು ಹೊಂದಿತು. ಪುಟ್ಟಿ ತಂತಿ ಬೇಲಿ ಹಿಡಿದು ನಿಂತಿದ್ದಳು. ಚಿಕ್ಕಪ್ಪ ಅವಳ ಹಿಂದೆ, ಅವಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು.

ಪೊಲೀಸ್ ಅಧಿಕಾರಿ ಮೊದಲು ನೋಡಿದ್ದು ಮೇಷ್ಟ್ರನ್ನು. “ಬೀಗ ನಿಮ್ಮದು. ತಾಕು ನಿಮ್ಮದು. ನಡೀರಿ.”

“ಸ್ವಲ್ಪ ಇರಿ,” ಎಂದರು ಅತ್ತಿಗೆ. ಚಪ್ಪರದಡಿ, ತೊಟ್ಟಿಯ ಅಂಚಿನ ಮೇಲೆ ಕೂತರು. ಎಲ್ಲರೂ ಸುತ್ತ ನಿಂತೆವು. “ನಾನು ಬಂದಿದ್ದು ಬೀಜದ ಕಳ್ಳನ್ನ ಹಿಡಿಯೋಕೆ. ಪುಟ್ಟಿಯ ಬೀಜ ಯಾರೂ ಕದ್ದಿಲ್ಲ. ಬೀಜ ಬದಲಾಗಲೇ ಇಲ್ಲ. ಬದಲಾಗಿದ್ದು ಮಣ್ಣು.”

“ಅಂದ್ರೆ?” ಎಂದರು ಅಧಿಕಾರಿ.

“ಹಸಿರಾಗಿ ಉಳಿದ ಅಪ್ಪನ ಸಾಲನ್ನ ಎಲ್ಲರೂ ನೋಡಿದ್ರು. ಪಕ್ಕದ ಸಾಲನ್ನ ನೋಡಲಿಲ್ಲ. ಸಾಯಲಿ ಅಂತಲೇ ಹಾಕಿದ ತಳಿಯೂ ಅಲ್ಲಿ ಬದುಕಿತ್ತು. ತಳಿ ಮಾಡೋರ ಕಣ್ಣಿಗೆ ಅದು ಬೆರಕೆಯಾಗಿ ಕಂಡಿತು, ಕಿತ್ತುಹಾಕಿದ್ರು. ಅವರ ಶಿಸ್ತೇ ಅವರ ಕಣ್ಣು ಕಟ್ಟಿತು. ಬಲಶಾಲಿಯೂ ಬದುಕಿ ಬಲಹೀನನೂ ಬದುಕಿದ ಅಂದ್ರೆ, ಗುಣ ಬೀಜದಲ್ಲಿಲ್ಲ, ನೆಲದಲ್ಲಿದೆ. ಕುಂಡಕ್ಕೆ ತಾಕಿನ ನಡುವಿನ ಮಣ್ಣು ಬಂತು, ಅದೇ ಬೀಜ ಅಲ್ಲಿ ಸತ್ತಿತು. ಮೇಷ್ಟ್ರೇ, ಸುಣ್ಣ ಬಿದ್ದರೆ ಏನಾಗುತ್ತೆ ಹೇಳಿ.”

ಮೇಷ್ಟ್ರು ಗುಂಡಿಯ ಕಡೆ ನೋಡದೆ ಹೇಳಿದರು. “ಈ ಬೂಷ್ಟು ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುತ್ತೆ. ಬೇರು ಬಂದರೆ ಏಳುತ್ತೆ. ಮರಳು ಮಣ್ಣು, ಹುಳಿ ಮಣ್ಣು ಅಂದ್ರೆ ಅದಕ್ಕೆ ತವರು ಮನೆ. ಸುಣ್ಣ ಬಿದ್ದರೆ ಹುಳಿ ಸಾಯುತ್ತೆ, ಬೂಷ್ಟಿಗೆ ಬೇಕಾದ ಆಹಾರ ಮಣ್ಣಲ್ಲೇ ಕಟ್ಟಿಹೋಗುತ್ತೆ, ಬೂಷ್ಟನ್ನೇ ತಿನ್ನೋ ಬೇರೆ ಜೀವಗಳು ಹೆಚ್ಚಾಗುತ್ತವೆ. ಬೂಷ್ಟು ಇರುತ್ತೆ. ಆದ್ರೆ ಏಳೋಕಾಗಲ್ಲ.”

“ಇದು ಗೊತ್ತಿದ್ದವರು ಹೆಣದ ಮೇಲೆ ಸುಣ್ಣ ಸುರೀತಾರಾ, ಅದೂ ಈ ತಾಕಿನಲ್ಲಿ? ಮೇಷ್ಟ್ರು ಕಂಬದ ಸುಣ್ಣವನ್ನೇ ಕೆರೆಸಿದೋರು. ಅವರೇ ಹೂತಿದ್ದರೆ ಮಣ್ಣು ಮುಚ್ಚಿ ಸುಮ್ಮನಾಗ್ತಿದ್ರು. ಗಿಡ ಸಾಯ್ತಿದ್ವು. ಯಾರಿಗೂ ಯಾವತ್ತೂ ಗೊತ್ತಾಗ್ತಿರಲಿಲ್ಲ. ಆ ವಾರ ತಾಕು ಪೂರ್ತಿ ಅಗೆದಿತ್ತು, ಹೊಸ ಮಣ್ಣು ಕಂಡ್ರೆ ಅನುಮಾನವೂ ಬರ್ತಿರಲಿಲ್ಲ. ಆಮೇಲೆ ಯಾರೂ ಆಳಕ್ಕೆ ಅಗೆಯಲ್ಲ, ಮಣ್ಣು ಹೊರಗೆ ಹೋಗಲ್ಲ, ಹೊರಗಿನವರು ಒಳಗೆ ಬರಲ್ಲ. ಇದಕ್ಕಿಂತ ಒಳ್ಳೆ ಜಾಗ ಯಾವುದಿದೆ? ಒಂದೇ ತಪ್ಪು – ವಾಸನೆಗೆ ಹೆದರಿ ಸುಣ್ಣ ಸುರಿದಿದ್ದು. ಕೆಳಗೆ ಸುರಿದು, ಉಳಿದಿದ್ದನ್ನ ಮೇಲಿನ ಮಣ್ಣಿಗೂ ಕಲೆಸಿದ್ದು.”

ಅತ್ತಿಗೆ ಕರವಸ್ತ್ರ ಬಿಚ್ಚಿದರು.

“ಗಾಳಿ ಕಾಣದೆ ಮಣ್ಣಲ್ಲಿ ಹೂತಿದ್ದ ಹೆಂಟೆ ಇದು. ಒಳಗೆ ನೋಡಿ.”

ಹೆಂಟೆಯ ಒಡಲಲ್ಲಿ ತಣ್ಣಗಿನ ಒಂದು ನೀಲಿ ಛಾಯೆ.

“ಪ್ರಯೋಗಾಲಯದ ಸುಣ್ಣಕ್ಕೆ ನೀಲಿ ಇರಲ್ಲ. ಬೀಗದಮ್ಮನ ಸರದಲ್ಲಿ ಕಟ್ಟಡದ ಉಗ್ರಾಣದ ಕೈ ಇಲ್ಲ. ಈ ನೀಲಿ ಕೈಯಾರೆ ಕಲೆಸೋರು ಒಬ್ಬರೇ. ಈ ಕೇಂದ್ರದಲ್ಲಿ ಸುಣ್ಣಕ್ಕೂ ಸೊರಗಿಗೂ ಇರೋ ವೈರ ಗೊತ್ತಿಲ್ಲದೆ ಕಂಬಕ್ಕೆ ಬಳಿಸಿದೋರೂ ಒಬ್ಬರೇ. ಮೇಷ್ಟ್ರು ಕೂಗಾಡಿದ ದಿನ ನಿಮ್ಮ ಮುಖ ಬಿಳಿಚಿಕೊಂಡಿತ್ತಂತೆ. ಬೈಗುಳಕ್ಕಲ್ಲ. ಅವತ್ತು ನಿಮಗೆ ಗೊತ್ತಾಯ್ತು – ಇಲ್ಲಿ ಬಿತ್ತಿದ್ರೆ ಈ ಜಾಗ ಹಸಿರಾಗುತ್ತೆ ಅಂತ. ಅವತ್ತಿನಿಂದ ಸಿಮೆಂಟು ಹಾಕೋಣ ಅಂತಿದ್ದೀರಿ. ಅಲ್ವಾ ಚಿಕ್ಕಪ್ಪ?”

ಪುಟ್ಟಿ ತಿರುಗಲಿಲ್ಲ. ತನ್ನ ಭುಜದ ಮೇಲಿದ್ದ ಕೈಯನ್ನು ಎರಡು ಬೆರಳಿನಿಂದ ಎತ್ತಿ, ಬೆರಕೆ ಗಿಡ ಕಿತ್ತ ಹಾಗೆ, ಪಕ್ಕಕ್ಕೆ ಬಿಟ್ಟಳು.

“ಬೂಟು ಒರೆಸ್ತಿದ್ದಿದ್ದೂ ನೀವೇನಾ?” ಎಂದಳು.

ಚಿಕ್ಕಪ್ಪ ಗೂಟದ ಬೂಟುಗಳ ಕಡೆ ನೋಡಿದರು. “ಧೂಳು ಕೂತ್ರೆ ನೋಡೋಕಾಗ್ತಿರಲಿಲ್ಲ,” ಎಂದರು.

ಉಳಿದದ್ದು ತುಂಡು ತುಂಡಾಗಿ ಬಂತು. ಬೀಜ ಕಂಪನಿಗೆ ಕೊಟ್ಟದ್ದು ಅವರೇ. ಅಲ್ಲೊಂದು ದೊಡ್ಡ ಹುದ್ದೆಯ ಆಸೆ ತೋರಿಸಿದ್ದರು. ಜೀವನವೆಲ್ಲ ದೊಡ್ಡವರ ತಮ್ಮ ಎನಿಸಿಕೊಂಡದ್ದು ಸಾಕಾಗಿತ್ತು. ಅಣ್ಣನಿಗೆ ತಿಳಿಯಿತು. ನಾಳೆ ಸಭೆಯಲ್ಲಿ ಹೇಳುತ್ತೇನೆ, ನೀನೇ ಮೊದಲು ಹೇಳು ಎಂದಿದ್ದರು. ಇದೇ ಚಪ್ಪರದಡಿ, ಇನ್ನೂ ಬೂಟು ಹಾಕುವ ಮುಂಚೆ.

“ಹೊಡೆದ್ರಾ?” ಎಂದರು ಅಧಿಕಾರಿ.

“ತಳ್ಳಿದೆ. ಅಷ್ಟೇ.” ಅತ್ತಿಗೆ ಕೂತಿದ್ದ ತೊಟ್ಟಿಯ ಅಂಚನ್ನು ತೋರಿಸಿದರು. “ತಲೆ ಅಲ್ಲಿಗೆ ತಗುಲಿತು. ಎಬ್ಬಿಸಿದೆ. ಏಳಲಿಲ್ಲ. ಅವನ ಬೀಗದ ಕೈಯಿಂದಲೇ ಬಾಗಿಲು ತೆಗೆದೆ. ಮತ್ತೆ ಅವನ ಜೇಬಿಗೇ ಹಾಕಿದೆ.”

ಅತ್ತಿಗೆ ತೊಟ್ಟಿಯಿಂದ ಮೆಲ್ಲಗೆ ಎದ್ದರು.

*

ಹೊರಡುವ ಮುಂಚೆ ಪುಟ್ಟಿ ಕಾರಿನ ಹತ್ತಿರ ಬಂದಳು. ಕಣ್ಣು ಒಣಗಿತ್ತು.

“ಅಪ್ಪ ಕಳ್ಳ ಅಲ್ಲ ಅಂತ ಈಗ ಬರ್ಕೋತಾರೆ. ಓಡಿಹೋಗಲಿಲ್ಲ ಅಂತಲೂ ಬರ್ಕೋತಾರೆ. ಆದರೆ ಬೀಜ?”

“ನಿಮ್ಮಪ್ಪ ಮೊದಲು ಎಲ್ಲಿ ಬೆಳೆದು ನೋಡಿದ್ರು?”

“ಕೆರೆ ಪಕ್ಕ. ಅಲ್ಲಿ ಕಪ್ಪು ಜೇಡಿ ಮಣ್ಣು. ಈ ತಳೀನ ತಾಕಿಗೆ ಹಾಕೋ ಮುಂಚೆಯೇ ಅಪ್ಪ ಹೋದ್ರು.” ಹೇಳುತ್ತಿದ್ದ ಹಾಗೆ ಅವಳೇ ನಿಂತಳು. ಕಪ್ಪು ಜೇಡಿಯಲ್ಲಿ ಸೊರಗು ಮಂದ. ಅಲ್ಲೂ ಗಿಡ ಉಳಿಸಿದ್ದು ಮಣ್ಣೇ. “ಹಾಗಾದ್ರೆ ಅದರಲ್ಲಿ ಏನೂ ಇರಲಿಲ್ಲ.”

“ಇರಲಿಲ್ಲ,” ಎಂದರು ಅತ್ತಿಗೆ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಅವರು ಸುಳ್ಳು ಹೇಳಲಿಲ್ಲ ಮಗಳೇ. ಮಣ್ಣು ಅವರಿಗೆ ಸುಳ್ಳು ಹೇಳಿತು. ನಿನಗೂ ಹೇಳಿತು.”

ದಾರಿಯುದ್ದಕ್ಕೂ ಅತ್ತಿಗೆ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮುಂದಿನ ಹಂಗಾಮಿನಲ್ಲಿ ಸಾಕ್ಷಿ ಹೇಳಿ ಬರುವಾಗ ಆ ಕಡೆ ಹೋದೆವು. ತಾಕಿನ ತುಂಬ ಕಂದು ಕಡ್ಡಿಗಳು, ಅದೇ ಗಿಲಕಿ ಸದ್ದು. ಬಾಗಿಲ ಹತ್ತಿರ ಮಾತ್ರ ಒಂದು ಹಸಿರು ಚೌಕ, ಒಬ್ಬ ಮನುಷ್ಯ ಮಲಗುವಷ್ಟು. ಸುಣ್ಣದ ಮಣ್ಣು ತೆಗೆಸುತ್ತೇನೆ ಎಂದು ಮೇಷ್ಟ್ರು ಹಟ ಹಿಡಿದಿದ್ದರಂತೆ. ಪುಟ್ಟಿ ಬಿಟ್ಟಿರಲಿಲ್ಲ. ಅಲ್ಲಿ ಅವಳು ಅಪ್ಪನ ಬೀಜ ಬಿತ್ತಿರಲಿಲ್ಲ. ಸಾಯಲೆಂದೇ ಹಾಕುವ ಆ ಬಲಹೀನ ತಳಿಯನ್ನು ಎರಡೂ ಸಾಲಿಗೆ ಬಿತ್ತಿದ್ದಳು.

ಅವಳು ಒಳಗೆ ಗಿಡಗಳ ನಡುವೆ ಕೂತಿದ್ದಳು. ಕಾಲಲ್ಲಿ ಅವಳ ಅಳತೆಗಿಂತ ದೊಡ್ಡದಾದ ಬೂಟು. ನಮ್ಮನ್ನು ನೋಡಿ ಕೈ ಎತ್ತಿದಳು, ಮತ್ತೆ ಕೆಲಸಕ್ಕೆ ಬಗ್ಗಿದಳು.

ಮೇಷ್ಟ್ರು ಬೇಲಿಯಾಚೆ ನಿಂತಿದ್ದರು. ದಪ್ಪ ಗಾಜಿನ ಹಿಂದೆ ಅವರ ಕಣ್ಣು ಯಾವ ಕಡೆ ನೋಡುತ್ತಿತ್ತೋ ತಿಳಿಯಲಿಲ್ಲ.

“ಈ ಸಲ ನೋಡಿದೆ,” ಎಂದರು ಅತ್ತಿಗೆಗೆ. “ಹೂ ನಸುಗೆಂಪು.”